ಬೆಲೆ ಇಲ್ಲದ್ದನ್ನೂ ತಗೊಳ್ಳುವ ಜಾಗ: ನಮ್ಮ ವಾರ್ಡಿನ ಒಣ ಕಸ ಕೇಂದ್ರ, ಆರು ತಿಂಗಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಹೋಟೆಲ್ ರಿವ್ಯೂ ಅಲ್ಲ. ಕಸ ಕೊಡುವ ಜಾಗದ ರಿವ್ಯೂ. ನಗಬೇಡಿ. ಯಾವ ಹೋಟೆಲಿನ ಇಡ್ಲಿ ಮೆತ್ತಗಿದೆ ಅಂತ ಈ ಊರಲ್ಲಿ ಸಾವಿರ ಜನ ಬರೆಯುತ್ತಾರೆ, ಆ ಇಡ್ಲಿ ಪಾರ್ಸೆಲ್ ಬಂದ ಡಬ್ಬಿಯನ್ನು ಆಮೇಲೆ ಎಲ್ಲಿ ಹಾಕಬೇಕು ಅಂತ ಬರೆಯುವವರು ಕಾಣುವುದಿಲ್ಲ. ನಾನು ಆರು ತಿಂಗಳಿಂದ ಅಲ್ಲಿಗೆ ಹೋಗಿ ಬರುತ್ತಿದ್ದೇನೆ. ತಿಂಗಳಿಗೆ ಎರಡು ಸಲ, ಸ್ಕೂಟರಿನ ಮುಂದೆ ಒಂದು ಚೀಲ, ಹಿಂದೆ ಒಂದು ಚೀಲ.

ನಮ್ಮದು ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ. ವಾರ್ಡಿನ ಹೆಸರು ಹಾಕುತ್ತಿಲ್ಲ. ಹೊಗಳಿಕೆ ಜೊತೆ ದೂರುಗಳೂ ಇವೆ, ಅದರಿಂದ ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ತೊಂದರೆ ಆಗಬಾರದು. ಇಂಥ ಕೇಂದ್ರ ಊರಿನ ಬಹಳಷ್ಟು ವಾರ್ಡುಗಳಲ್ಲಿ ಇದೆ. ನಿಮ್ಮದೂ ಎಲ್ಲೋ ಪಾರ್ಕಿನ ಹಿಂದೆ, ನೀರಿನ ಟ್ಯಾಂಕಿನ ಪಕ್ಕ, ಫ್ಲೈಓವರ್ ಕೆಳಗೆ ಇರುತ್ತೆ, ನೀವು ದಿನಾ ಅದರ ಮುಂದೆಯೇ ಓಡಾಡುತ್ತಿರಬಹುದು. ನಾನು ಒಂಬತ್ತು ವರ್ಷ ಹಾಗೇ ಓಡಾಡಿದ್ದೆ.

ಶುರುವಾಗಿದ್ದು ಕಳೆದ ಸೆಪ್ಟೆಂಬರಿನಲ್ಲಿ. ದಸರಾ ಬೊಂಬೆ ಇಳಿಸೋಣ ಅಂತ ಅಟ್ಟ ಹತ್ತಿದೆ. ಬೊಂಬೆ ಪೆಟ್ಟಿಗೆ ಎರಡು, ಮಿಕ್ಕಿದ್ದೆಲ್ಲ ಕಸ. ಮಿಕ್ಸಿ ಬಂದ ರಟ್ಟಿನ ಡಬ್ಬ ಥರ್ಮೊಕೋಲ್ ಸಮೇತ ಹಾಗೇ ಕೂತಿದೆ, ಮಿಕ್ಸಿ ಕೆಟ್ಟು ಮೂರು ವರ್ಷವಾಗಿದೆ. ಕ್ಯಾಸೆಟ್ ತುಂಬಿದ ಚೀಲ. ಯಾವ ಫೋನಿನದೋ ಗೊತ್ತಿಲ್ಲದ ಏಳು ಚಾರ್ಜರ್. ಮಗನ ಎಸ್ಸೆಸ್ಸೆಲ್ಸಿ ಗೈಡುಗಳು. ಉರಿಯದ ಎರಡು ಟ್ಯೂಬ್‌ಲೈಟ್, ಗೋಡೆಗೆ ಒರಗಿಸಿ, ದೇವರ ಫೋಟೊ ಪಕ್ಕ. ಎಲ್ಲಕ್ಕಿಂತ ಹಿಂದೆ ನಮ್ಮ ಅತ್ತೆಯ ಕವರ್ ಸಂಗ್ರಹ. ಕವರ್ ಒಳಗೆ ಕವರ್, ಅದರೊಳಗೆ ಇನ್ನೊಂದು ಕವರ್. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಅಂತ ಸುದ್ದಿ ಬಂದಾಗ ಅತ್ತೆ 'ಇನ್ಮೇಲೆ ಸಿಗಲ್ಲ ಕಣೇ' ಅಂತ ಕೂಡಿಡೋಕೆ ಶುರು ಮಾಡಿದ್ದು. ಸಿಗೋದು ನಿಲ್ಲಲಿಲ್ಲ, ಕೂಡಿಡೋದೂ ನಿಲ್ಲಲಿಲ್ಲ.

ಮೊದಲು ಹೋಗಿದ್ದು ಎಲ್ಲರೂ ಹೋಗುವ ಕಡೆಗೇ, ಗುಜರಿ ಅಂಗಡಿಗೆ. ನಮ್ಮ ರಸ್ತೆ ಕೊನೆಯಲ್ಲಿದೆ, ಅಂಗಡಿಯವರು ಇಪ್ಪತ್ತು ವರ್ಷದ ಪರಿಚಯ, ತೂಕದಲ್ಲಿ ಮೋಸ ಇಲ್ಲ. ಗೈಡುಗಳನ್ನು ತಗೊಂಡರು. ರಟ್ಟು ತಗೊಂಡರು. ಮಿಕ್ಸಿಯನ್ನು ಕೈಯಲ್ಲಿ ಎತ್ತಿ ನೋಡಿ, ಒಳಗೆ ತಾಮ್ರ ಇದೆ ಅಂತ ಖುಷಿಯಿಂದ ತಗೊಂಡರು. ಉಳಿದದ್ದನ್ನು ಕಾಲಲ್ಲಿ ನನ್ನ ಕಡೆಗೇ ಸರಿಸಿದರು. 'ಇದಕ್ಕೆ ರೇಟಿಲ್ಲ ಮೇಡಂ.' ಚಿಪ್ಸ್ ಪ್ಯಾಕೆಟ್ಟಿಗೆ ರೇಟಿಲ್ಲ, ಥರ್ಮೊಕೋಲಿಗೆ ರೇಟಿಲ್ಲ, ಕ್ಯಾಸೆಟ್ಟಿಗೆ ರೇಟಿಲ್ಲ, ಜ್ಯೂಸ್ ಡಬ್ಬಕ್ಕೆ ರೇಟಿಲ್ಲ. ಅವರ ತಪ್ಪಿಲ್ಲ ಬಿಡಿ, ಅವರದ್ದು ವ್ಯಾಪಾರ. ಆದರೆ ಅವತ್ತು ಒಂದು ವಿಷಯ ಹೊಳೆಯಿತು. ಬೆಲೆ ಇರುವ ವಸ್ತು ನಮ್ಮ ಮನೆಗಳಿಂದ ಹೊರಗೆ ಹೋಗೋಕೆ ಯಾವತ್ತಿನಿಂದಲೂ ದಾರಿ ಇತ್ತು. ಹಳೇ ಪೇಪರ್‌ನವನು ಸೈಕಲ್ಲಿನಲ್ಲಿ ಕೂಗಿಕೊಂಡು ಬರುತ್ತಿದ್ದ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬರುತ್ತಿದ್ದಳು. ರೇಟಿಲ್ಲದ್ದು ಏನಾಗಬೇಕು?

ಆಮೇಲೆ ಮಗ ಒಂದು ಆ್ಯಪ್ ಹಾಕಿಕೊಟ್ಟ. ಮನೆಗೇ ಬಂದು ತಗೊಂಡು ಹೋಗುತ್ತಾರಂತೆ, ತೂಕ ಹಾಕಿ ದುಡ್ಡು ಫೋನಿಗೆ. ಹೆಸರು ಬೇಡ. ಮೊದಲ ಸಲ ಶನಿವಾರ ಹತ್ತರಿಂದ ಹನ್ನೆರಡರ ಒಳಗೆ ಅಂದರು, ಬರಲಿಲ್ಲ. ಎರಡನೇ ಸಲವೂ ಬರಲಿಲ್ಲ, 'ಪಿಕಪ್ ಕಂಪ್ಲೀಟ್' ಅಂತ ಮೆಸೇಜ್ ಮಾತ್ರ ಬಂತು. ಮೂರನೇ ಸಲ ಬಂದ ಹುಡುಗ ಒಳ್ಳೆಯವನೇ, ನೀರು ಕೇಳಿ ಕುಡಿದ, ಆದರೆ ಅವನೂ ಪೇಪರ್ ಮತ್ತು ಕಬ್ಬಿಣ ಮಾತ್ರ ಎತ್ತಿಕೊಂಡ. ಮಿಕ್ಕಿದ್ದಕ್ಕೆ 'ಕ್ಯಾಟಗರಿ ಇಲ್ಲ ಆಂಟಿ' ಅಂದ. ಗುಜರಿಯವರ 'ರೇಟಿಲ್ಲ', ಇವನ 'ಕ್ಯಾಟಗರಿ ಇಲ್ಲ'. ಎರಡೂ ಒಂದೇ, ಅಲ್ವಾ?

ಕೇಂದ್ರದ ವಿಷಯ ಹೇಳಿದ್ದು ನಮ್ಮ ಬೀದಿಗೆ ಕಸದ ಗಾಡಿ ಜೊತೆ ಬರುವ ಅಕ್ಕ. ಅತ್ತೆಯ ಕವರ್ ಮೂಟೆಯನ್ನು ಗಾಡಿಗೆ ಕೊಡೋಕೆ ಹೋದೆ, ಅದು ಹಸಿ ಕಸದ ದಿನ. 'ಇವತ್ತು ಬೇಡಕ್ಕ, ಹಸಿ ಜೊತೆ ಸೇರಿದ್ರೆ ಎರಡೂ ಹಾಳು. ಇಷ್ಟೊಂದು ಇದ್ರೆ ಸೆಂಟರಿಗೇ ಕೊಟ್ಬಿಡಿ, ಟ್ಯಾಂಕ್ ಹತ್ರ' ಅಂದಳು. ನೋಡಿ, ಪಾಲಿಕೆಯ ಜಾಹೀರಾತು ಬಸ್ ಸ್ಟಾಪಿನಲ್ಲಿ ಕಂಡಿದ್ದೆ, ಗಾಡಿಯಲ್ಲಿ ಹಾಡು ಕೇಳಿದ್ದೆ, ಆದರೆ ವಿಳಾಸ ಸಿಕ್ಕಿದ್ದು ಈಕೆಯಿಂದ.

ಜಾಗ ಹೇಗಿದೆ ಅಂದರೆ, ತಗಡಿನ ಛಾವಣಿಯ ಉದ್ದನೆಯ ಶೆಡ್ಡು, ಮುಂದೆ ಜಾಲರಿ ಗೇಟು. ಒಳಗೆ ಮೂಟೆಗಳ ಗುಡ್ಡ. ಒಂದು ಪಕ್ಕದಲ್ಲಿ ರಟ್ಟನ್ನು ಒತ್ತಿ ಕಟ್ಟುವ ಮಷೀನು, ಇನ್ನೊಂದು ಪಕ್ಕ ನೆಲದ ಮೇಲೆ ಐದಾರು ಹೆಂಗಸರು ಕೂತು ಕಸ ಬೇರೆ ಮಾಡುತ್ತಿರುತ್ತಾರೆ. ವಾಸನೆ? ಇದೆ, ಆದರೆ ನೀವು ಅಂದುಕೊಂಡಷ್ಟಿಲ್ಲ. ಹುಳಿ ಮೊಸರಿನ ವಾಸನೆ, ಹಾಲಿನ ಕವರಿನದು. ಕೊಳೆತ ವಾಸನೆ ಬಂತೆಂದರೆ ಯಾರೋ ಹಸಿ ಕಸ ಬೆರೆಸಿ ಕೊಟ್ಟಿದ್ದಾರೆ ಅಂತ ಅರ್ಥ. ಕೇಂದ್ರ ನಡೆಸುವಾಕೆ ಮೊದಲು ಚಿಂದಿ ಆಯುತ್ತಿದ್ದವರು. ಪಾಲಿಕೆ ಗುರುತಿನ ಚೀಟಿ ಕೊರಳಲ್ಲೇ ಇರುತ್ತೆ. ಬೆಂಗಳೂರಲ್ಲಿ ಹಸಿರು ದಳದಂಥ ಸಂಸ್ಥೆಗಳ ಬೆಂಬಲದಿಂದ ಹೀಗೆ ಚಿಂದಿ ಆಯುತ್ತಿದ್ದವರೇ ಕೇಂದ್ರ ನಡೆಸುವುದು ಹಲವು ಕಡೆ ಇದೆ. ಇವರಿಗೆ ಕಸದ ಬಗ್ಗೆ ಗೊತ್ತಿರುವಷ್ಟು ನನಗೆ ನನ್ನ ಅಡುಗೆಮನೆ ಬಗ್ಗೆಯೂ ಗೊತ್ತಿಲ್ಲ.

ಮೊದಲ ದಿನ ನನ್ನ ಎರಡು ಚೀಲವನ್ನು ನನ್ನ ಕಣ್ಣೆದುರೇ ಸುರಿದರು. ಅಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಕವರುಗಳನ್ನು ಒಂದೊಂದಾಗಿ ಎತ್ತಿ, ಮುಷ್ಟಿಯಲ್ಲಿ ಒಂದು ಸಲ ಹಿಸುಕಿ, ಬಲಕ್ಕೋ ಎಡಕ್ಕೋ ಎಸೆಯುತ್ತಿದ್ದರು. ನೋಡುತ್ತಲೇ ಇರಲಿಲ್ಲ, ಪಕ್ಕದವಳ ಜೊತೆ ಮಾತಾಡುತ್ತಿದ್ದರು. ನಾನು ಕೇಳಿದೆ, ಹೇಗೆ ಗೊತ್ತಾಗುತ್ತೆ ಅಂತ. ಒಂದು ಹಾಲಿನ ಕವರ್ ನನ್ನ ಕೈಗಿಟ್ಟು ಹಿಸುಕಿಸಿದರು. ಸದ್ದಿಲ್ಲ, ಮೆತ್ತಗೆ. ಆಮೇಲೆ ಬಿಸ್ಕತ್ತಿನ ಕವರ್ ಕೊಟ್ಟರು. ಪರಪರ ಅಂತು. 'ಕೂಗೋದು ಒಂದು ಕಡೆ, ಸುಮ್ನಿರೋದು ಒಂದು ಕಡೆ' ಅಂದರು. ಇಷ್ಟೇ ಪಾಠ. ಮನೆಗೆ ಬಂದು ಅಡುಗೆಮನೆಯ ಕವರನ್ನೆಲ್ಲ ಹಿಸುಕುತ್ತಾ ಕೂತೆ. ಹಾಲಿನದು, ಬಟ್ಟೆ ಅಂಗಡಿಯದು, ಬ್ರೆಡ್ಡಿನದು, ನಿಜವಾಗಲೂ ಬೇರೆ ಬೇರೆ ಕೂಗುತ್ತವೆ. ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು.

ಸುಮ್ಮನಿರುವ ಹಾಲಿನ ಕವರಿಗೆ ಬೆಲೆ ಇದೆ, ಕರಗಿಸಿ ಮತ್ತೆ ಪ್ಲಾಸ್ಟಿಕ್ ಕಾಳು ಮಾಡುತ್ತಾರೆ. ನೀರಿನ ಬಾಟಲಿ ಪುಡಿಯಾಗಿ ಕೊನೆಗೆ ಪಾಲಿಯೆಸ್ಟರ್ ದಾರವಾಗುತ್ತೆ. ಶಾಂಪೂ ಬಾಟಲಿ, ನೀರಿನ ಬಾಟಲಿ ಎರಡೂ ಪ್ಲಾಸ್ಟಿಕ್ಕೇ ಆದರೂ ಒಂದೇ ಜಾತಿಯಲ್ಲ. ಅನುಮಾನವಿದ್ದರೆ ಎರಡರ ಒಂದೊಂದು ತುಂಡು ಕತ್ತರಿಸಿ ನೀರಿಗೆ ಹಾಕಿ ನೋಡಿ, ಶಾಂಪೂವಿನದು ತೇಲುತ್ತೆ, ನೀರಿನ ಬಾಟಲಿಯದು ಮುಳುಗುತ್ತೆ. ಜ್ಯೂಸಿನ ಟೆಟ್ರಾ ಪ್ಯಾಕ್‌ನಲ್ಲಿ ಮುಕ್ಕಾಲು ಪಾಲು ಕಾಗದ, ಜೊತೆಗೆ ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಪದರ, ಅದನ್ನು ಬಿಡಿಸುವ ಕಾರ್ಖಾನೆಗಳೇ ಬೇರೆ. ಚಿಪ್ಸ್ ಪ್ಯಾಕೆಟ್ ಮಾತ್ರ ಎಲ್ಲರಿಗೂ ತಲೆನೋವು. ಒಳಗೆ ಬೆಳ್ಳಿ ಬಣ್ಣ, ಹೊರಗೆ ಬೇರೆ ಪ್ಲಾಸ್ಟಿಕ್, ಪದರ ಪದರ ಅಂಟಿಕೊಂಡಿರುವುದರಿಂದ ಬಿಡಿಸೋಕಾಗಲ್ಲ. ಇಂಥದ್ದನ್ನೆಲ್ಲ ಒತ್ತಿ ಕಟ್ಟಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಕಳಿಸುತ್ತಾರೆ. ಇದನ್ನು ಮರುಬಳಕೆ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಸುಡುವುದು ಸುಡುವುದೇ. ಆದರೆ ಖಾಲಿ ಸೈಟಿನಲ್ಲಿ ರಾತ್ರಿ ಬೆಂಕಿ ಹಚ್ಚುವುದಕ್ಕಿಂತ, ಕಲ್ಲು ಕ್ವಾರಿಯಲ್ಲಿ ಹೂಳುವುದಕ್ಕಿಂತ ವಾಸಿ.

ಕ್ವಾರಿ ಅಂದಾಗ ನೆನಪಾಯಿತು. ನಮ್ಮ ಚಿಕ್ಕಮ್ಮನ ಮನೆ ಹಳೇ ಮದ್ರಾಸ್ ರಸ್ತೆ ಕಡೆ. ಮಂಡೂರಿಗೆ ಲಾರಿಗಟ್ಟಲೆ ಬೆಂಗಳೂರಿನ ಕಸ ಹೋಗುತ್ತಿದ್ದ ಕಾಲದಲ್ಲಿ ಅವರ ಮನೆಗೆ ಊಟಕ್ಕೆ ಹೋದರೆ ದಾರಿಯುದ್ದಕ್ಕೂ ಮೂಗು ಮುಚ್ಚಿಕೊಂಡೇ ಹೋಗುತ್ತಿದ್ದೆವು. ಊರಿನವರು ಲಾರಿ ತಡೆದು ಕೂತರು, 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಅದಕ್ಕೂ ಎರಡು ವರ್ಷ ಮುಂಚೆ, 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಿತ್ತು, ಆಗ ನಮ್ಮ ಬೀದಿಗಳಲ್ಲಿ ವಾರಗಟ್ಟಲೆ ಕಸ ಬಿದ್ದಿದ್ದು ನಿಮಗೆ ನೆನಪಿರಬಹುದು. ಮನೆಯಲ್ಲೇ ಬೇರೆ ಮಾಡಿ ಕೊಡಿ ಅನ್ನುವ ನಿಯಮ ಬಂದಿದ್ದೂ ಅದೇ ವರ್ಷ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲ ಅಂತ ಸ್ಪಷ್ಟ ಮಾಡಿತು. ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಪ್ಯಾಡು, ಡೈಪರ್, ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಹತ್ತು ವರ್ಷ ಕಳೆಯಿತು. ಬಿಬಿಎಂಪಿ ಹೋಗಿ ಜಿಬಿಎ, ಅಂದರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಐದಾಯಿತು. ನಮ್ಮ ಬೀದಿಯಲ್ಲಿ ಕೆಂಪು ಡಬ್ಬ ಇಟ್ಟಿರುವ ಮನೆ ಎಣಿಸಿದರೆ ನಾಲ್ಕು.

ನಮ್ಮದು ಮೊನ್ನೆ ಮೊನ್ನೆವರೆಗೂ ಆ ನಾಲ್ಕರಲ್ಲಿ ಇರಲಿಲ್ಲ. ಹೇಗೆ ಸೇರಿತು ಅಂತ ಹೇಳಲೇಬೇಕು, ಹೇಳೋಕೆ ನಾಚಿಕೆ ಆದರೂ.

ಮೂರನೇ ಸಲ ಹೋದಾಗ ಇರಬೇಕು. ಚೀಲ ಕೊಟ್ಟು ಹೊರಟಿದ್ದೆ. ನಡೆಸುವಾಕೆ ಹಿಂದಿನಿಂದ ಕರೆದರು. ಅಂಗೈ ಮೇಲೆ ಒಂದು ಸಣ್ಣ ವಸ್ತು. 'ಮೇಡಂ, ಇದು ನಿಮ್ಮನೇದಾ?' ಅತ್ತೆಯ ಇನ್ಸುಲಿನ್ ಸೂಜಿ. ಅತ್ತೆ ದಿನಾ ಎರಡು ಹೊತ್ತು ಚುಚ್ಚಿಕೊಳ್ಳುತ್ತಾರೆ, ಪ್ಲಾಸ್ಟಿಕ್ ತಾನೇ ಅಂತ ನಾನು ಒಣ ಕಸದ ಚೀಲಕ್ಕೇ ಹಾಕುತ್ತಿದ್ದೆ. ಮುಚ್ಚಳ ಬಿಚ್ಚಿಹೋಗಿತ್ತು. ಯಾರಿಗಾದರೂ ಚುಚ್ಚಿತಾ ಅಂತ ಕೇಳಿದೆ. 'ಇವತ್ತು ಇಲ್ಲ' ಅಂದರು. ಬೈಯಲಿಲ್ಲ. ಪಕ್ಕದಲ್ಲಿ ಕವರ್ ಹಿಸುಕುತ್ತಿದ್ದ ಅಜ್ಜಿ ತಮ್ಮ ಕೈ ತಿರುಗಿಸಿ ತೋರಿಸಿದರು, ಹೆಬ್ಬೆರಳಿನ ಬುಡದಲ್ಲಿ ಉದ್ದನೆಯ ಕಲೆ, ಒಡೆದ ಉಪ್ಪಿನಕಾಯಿ ಬಾಟಲಿಯದಂತೆ. ಹಿಸುಕಿ ಸದ್ದು ಕೇಳುವ ಕೆಲಸಕ್ಕೆ ದಪ್ಪ ಕೈಗವಸು ಹಾಕೋಕಾಗಲ್ಲ, ಹಾಕಿದರೆ ಏನೂ ಗೊತ್ತಾಗಲ್ಲ. ಅವರ ಕಣ್ಣು, ಕಿವಿ ಎಲ್ಲ ಆ ಬೆರಳುಗಳಲ್ಲೇ ಇದೆ.

ಅವತ್ತಿನಿಂದ ಸೂಜಿಗೆ ಬೇರೆ ವ್ಯವಸ್ಥೆ. ದಪ್ಪ ಪ್ಲಾಸ್ಟಿಕ್ಕಿನ ಖಾಲಿ ಫಿನಾಯಿಲ್ ಕ್ಯಾನು, ಮೇಲೆ 'ಸೂಜಿ' ಅಂತ ದಪ್ಪಕ್ಷರದಲ್ಲಿ ಬರೆದ ಪಟ್ಟಿ. ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ, ಟೇಪ್ ಸುತ್ತಿ, ಗಾಡಿಯವರಿಗೆ ಕೆಂಪು ಡಬ್ಬದ ಕಸದ ಜೊತೆ ಕೈಗೇ ಕೊಟ್ಟು, ಬಾಯಲ್ಲಿ ಹೇಳಿ ಬರುತ್ತೇನೆ. ಒಡೆದ ಗಾಜು ಪೇಪರಿನಲ್ಲಿ ಸುತ್ತಿ ಬೇರೆ. ಪ್ಯಾಡನ್ನೂ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು, ಬಿಚ್ಚಿ ನೋಡುವ ಗತಿ ಯಾರಿಗೂ ಬರಬಾರದು. ಇದಕ್ಕೆ ಎಷ್ಟು ಹೊತ್ತು ಬೇಕು? ಒಂದು ನಿಮಿಷ. ಈ ಒಂದು ನಿಮಿಷ ಇಷ್ಟು ವರ್ಷ ಎಲ್ಲಿತ್ತೋ.

ದುಡ್ಡಿನ ವಿಷಯ ಕೇಳುತ್ತೀರಿ, ಗೊತ್ತು. ಸಿಗುತ್ತೆ, ಆದರೆ ಆ ಆಸೆಯಿಂದ ಹೋಗಬೇಡಿ. ಪೇಪರ್, ರಟ್ಟು, ಬಾಟಲಿ ಬೇರೆ ಮಾಡಿ ತಂದರೆ ತೂಕ ಹಾಕಿ ಕೊಡುತ್ತಾರೆ, ಗುಜರಿ ಅಂಗಡಿಗಿಂತ ಕಿಲೋಗೆ ಒಂದೆರಡು ರೂಪಾಯಿ ಕಡಿಮೆಯೇ. ಬೆಲೆ ಇಲ್ಲದ್ದಕ್ಕೆ ಏನೂ ಇಲ್ಲ, ಆದರೆ ತಗೊಳ್ಳುತ್ತಾರೆ, ಅದೇ ದೊಡ್ಡದು. ಮೊದಮೊದಲು ನಾನು ಜಾಣತನ ಮಾಡಿ ಪೇಪರನ್ನೆಲ್ಲ ಗುಜರಿಗೆ, ಚಿಪ್ಸ್ ಕವರನ್ನೆಲ್ಲ ಇಲ್ಲಿಗೆ ತರುತ್ತಿದ್ದೆ. ಒಂದು ದಿನ ನಡೆಸುವಾಕೆಯೇ ನಗುತ್ತಾ ಕೇಳಿದರು, 'ಮೇಡಂ, ಅಕ್ಕಿ ಅವರಿಗೆ, ಹೊಟ್ಟು ನಮಗಾ?' ಲೆಕ್ಕ ಸರಿಯಾಗಿದೆ. ಪೇಪರ್, ಬಾಟಲಿ ಮಾರಿದ ದುಡ್ಡಿನಲ್ಲೇ ಅವರು ಆ ಹೆಂಗಸರ ಕೂಲಿಗೆ ಹೊಂದಿಸಬೇಕು. ಬರೀ ಹೊಟ್ಟು ಬಂದರೆ ಎಲ್ಲಿಂದ ಕೊಡುತ್ತಾರೆ? ಈಗ ಪೇಪರೂ ಇಲ್ಲಿಗೇ ಬರುತ್ತೆ. ಗುಜರಿಯವರು ಸಿಕ್ಕಾಗ ಸ್ವಲ್ಪ ಮುಖ ತಿರುಗಿಸುತ್ತಾರೆ, ಕಬ್ಬಿಣ ಕೊಟ್ಟು ಸರಿ ಮಾಡುತ್ತೇನೆ.

ಯಾವುದು ಬೇಡ ಅನ್ನುತ್ತಾರೆ? ಎಣ್ಣೆ ಇಳಿದ ಪಿಜ್ಜಾ ಡಬ್ಬ ಬೇಡ. ನಾನು ಎಣ್ಣೆ ಹತ್ತಿದ ತಳ ಹರಿದು ಗೊಬ್ಬರದ ಡಬ್ಬಕ್ಕೆ ಹಾಕಿ, ಸ್ವಚ್ಛವಾಗಿರುವ ಮುಚ್ಚಳ ಮಾತ್ರ ಕೊಡುತ್ತೇನೆ. ಅಂಗಡಿಯ ನುಣುಪು ಬಿಲ್ಲನ್ನು ಪೇಪರ್ ಜೊತೆ ಸೇರಿಸಬಾರದು, ಅದಕ್ಕೆ ರಾಸಾಯನಿಕ ಲೇಪ ಇರುತ್ತೆ. ಟೀ ಕುಡಿದ ಪೇಪರ್ ಲೋಟವೂ ಬರೀ ಪೇಪರಲ್ಲ, ಒಳಗೆ ಪ್ಲಾಸ್ಟಿಕ್ ಲೇಪ ಇದೆ. ತೆಂಗಿನ ಚಿಪ್ಪು ಇವರ ಕೆಲಸವೇ ಅಲ್ಲ. ಕ್ಯಾಸೆಟ್ ನೋಡಿ ಎಲ್ಲರೂ ನಕ್ಕರು, ಆದರೆ ತಗೊಂಡರು. ಥರ್ಮೊಕೋಲ್ ತಗೊಳ್ಳುತ್ತಾರೆ, ಒಂದೇ ಷರತ್ತು, ಮುರಿದು ತರಬಾರದು. ಮುರಿದರೆ ಬಿಳಿ ಕಾಳು ಶೆಡ್ಡೆಲ್ಲ ಹಾರುತ್ತೆ, ಗುಡಿಸಿದರೂ ಪೊರಕೆಗೇ ಅಂಟಿಕೊಂಡು ಬರುತ್ತೆ.

ಚಾರ್ಜರ್, ಸತ್ತ ರಿಮೋಟ್, ವೈರು ಇವಕ್ಕೆ ಬೇರೆ ಡಬ್ಬ ಇಟ್ಟಿದ್ದಾರೆ, ಅಧಿಕೃತ ಇ-ತ್ಯಾಜ್ಯದವರು ಬಂದು ಒಯ್ಯುತ್ತಾರೆ. ಇದು ಮುಖ್ಯ, ಯಾಕಂದರೆ ಬೇರೆ ಕಡೆ ಕೊಟ್ಟರೆ ವೈರ್ ಸುಟ್ಟು ತಾಮ್ರ ತೆಗೆಯುವವರ ಕೈಗೆ ಹೋಗುವ ಸಾಧ್ಯತೆ ಜಾಸ್ತಿ. ಆ ಹೊಗೆ ಒಂದು ಸಲ ಮೂಗಿಗೆ ಬಿದ್ದವರು ಮರೆಯಲ್ಲ. (ನನ್ನ ಮಿಕ್ಸಿ ಗುಜರಿಗೆ ಹೋಗಿ ಏನಾಯಿತೋ, ಅದನ್ನು ಯೋಚಿಸಿದರೆ ಸ್ವಲ್ಪ ಚುರುಕ್ ಅನ್ನುತ್ತೆ.) ಟ್ಯೂಬ್‌ಲೈಟಿನ ಒಳಗೆ ಪಾದರಸ ಇರುತ್ತೆ, ಒಡೆಯದಂತೆ ತರಬೇಕು. ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿ, ಆಟೊದಲ್ಲಿ ತೊಡೆ ಮೇಲೆ ಮಲಗಿಸಿಕೊಂಡು ಹೋದೆ. ಆಟೊದವರು ವೀಣೆಯಾ ಅಂತ ಕೇಳಿದರು. ಇನ್ವರ್ಟರ್ ಬ್ಯಾಟರಿ ಮಾತ್ರ ಇಲ್ಲಿಗೆ ತರಬೇಡಿ, ಹೊಸದು ಕೊಳ್ಳುವಾಗ ಅಂಗಡಿಯವರೇ ಹಳೆಯದಕ್ಕೆ ದುಡ್ಡು ಕಳೆಯುತ್ತಾರೆ.

ಈಗ ದೂರುಗಳು. ಒಂದು, ಬೋರ್ಡಿಲ್ಲ. ಇದ್ದ ಬೋರ್ಡ್ ಗಾಳಿಗೆ ಬಿದ್ದು, ಶೆಡ್ಡಿನ ಒಳಗೇ ಗೋಡೆಗೆ ಒರಗಿ ನಿಂತಿದೆ, ಅದರ ಮೇಲೆ ಮೂಟೆ ಪೇರಿಸಿದ್ದಾರೆ. ಹೊಸಬರು ಹೇಗೆ ಹುಡುಕಬೇಕು? ಎರಡು, ಸಮಯ. ಒಂಬತ್ತರಿಂದ ಐದು ಅನ್ನುತ್ತಾರೆ, ಆದರೆ ಲೋಡಿನ ಲಾರಿ ಬಂದ ದಿನ ಗೇಟಿನೊಳಗೆ ಕಾಲಿಡೋಕೂ ಜಾಗವಿಲ್ಲ, ವಾಪಸ್ ಬರಬೇಕು. ಆಫೀಸಿಗೆ ಹೋಗುವವರಿಗೆ ಶನಿವಾರ ಒಂದೇ ಗತಿ. ಮೂರು, ಮಳೆ. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಹೋದಾಗ ಛಾವಣಿ ನಾಲ್ಕು ಕಡೆ ಸೋರುತ್ತಿತ್ತು, ಕಟ್ಟಿಟ್ಟ ಪೇಪರೆಲ್ಲ ನೆನೆದು ಹಾಳು, ನೆನೆದ ಪೇಪರಿಗೆ ಯಾರೂ ಬೆಲೆ ಕೊಡಲ್ಲ. ರಿಪೇರಿಗೆ ಬರೆದುಕೊಟ್ಟು ಎಷ್ಟೋ ತಿಂಗಳಾಗಿದೆಯಂತೆ. ಇದು ನಡೆಸುವವರ ತಪ್ಪಲ್ಲ, ಮಾಡಿಸಬೇಕಾದವರ ತಪ್ಪು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು. ವಾರಕ್ಕೆ ಎರಡು ದಿನ ಒಣ ಕಸ ಬೇರೆಯಾಗಿ ಒಯ್ಯಬೇಕು ಅಂತ ಲೆಕ್ಕ. ಆದರೆ ನಮ್ಮ ಹಿಂದಿನ ಬೀದಿಯಲ್ಲಿ ಬೇರೆ ಗಾಡಿ ಬರುತ್ತೆ, ಅದರಲ್ಲಿ ಎರಡನ್ನೂ ಒಟ್ಟಿಗೆ ಸುರಿದುಕೊಂಡು ಹೋಗುವುದನ್ನು ನಾನೇ ಮೂರು ಸಲ ನೋಡಿದ್ದೇನೆ. ಆ ಬೀದಿಯವರನ್ನು ಕೇಳಿದರೆ 'ಅವರೇ ಸೇರಿಸ್ತಾರೆ, ನಾವ್ಯಾಕೆ ಬೇರೆ ಮಾಡ್ಬೇಕು' ಅನ್ನುತ್ತಾರೆ. ಗಾಡಿಯವರನ್ನು ಕೇಳಿದರೆ 'ಅವರೇ ಸೇರಿಸಿ ಕೊಡ್ತಾರೆ' ಅನ್ನುತ್ತಾರೆ. ಇಬ್ಬರದೂ ನಿಜ. 2025ರ ಏಪ್ರಿಲಿನಿಂದ ಕಸಕ್ಕೆ ಅಂತ ಆಸ್ತಿ ತೆರಿಗೆ ಜೊತೆ ಶುಲ್ಕ ಬೇರೆ ಕಟ್ಟುತ್ತಿದ್ದೇವೆ, ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400ರವರೆಗೆ. ದುಡ್ಡು ಕಟ್ಟುವವರಿಗೆ ಕೇಳುವ ಹಕ್ಕಿದೆ, ಕೇಳಿ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿದು ದಂಡ ಹಾಕಿದರಲ್ಲ, ನಮ್ಮ ಬೀದಿಯವರು ವಿಡಿಯೊ ನೋಡಿ ಬಿದ್ದು ಬಿದ್ದು ನಕ್ಕರು. ಮಾರನೇ ದಿನ ಮೂಲೆಯ ಟ್ರಾನ್ಸ್‌ಫಾರ್ಮರ್ ಕೆಳಗೆ ಎಂದಿನಂತೆ ಐದು ಕವರು ಬಿದ್ದಿತ್ತು.

ಮನೆಯಲ್ಲಿ ಹೇಗೆ ನಡೆಯುತ್ತಿದೆ ಅಂತ ಹೇಳಿಬಿಡುತ್ತೇನೆ, ಕೆಲವರು ಫೋನಿನಲ್ಲಿ ಕೇಳಿದ್ದರು. ಹಿತ್ತಲಲ್ಲಿ ಎರಡು ಅಕ್ಕಿ ಚೀಲ ಮೊಳೆಗೆ ನೇತುಹಾಕಿದ್ದೇನೆ, ಒಂದಕ್ಕೆ ಪ್ಲಾಸ್ಟಿಕ್ಕು, ಒಂದಕ್ಕೆ ಕಾಗದ. ಪಾತ್ರೆ ತೊಳೆದ ಕೊನೆಯ ನೀರಿನಲ್ಲೇ ಮೊಸರಿನ ಡಬ್ಬಿ, ಹಿಟ್ಟಿನ ಕವರು ಜಾಲಿಸುತ್ತೇನೆ, ಅದಕ್ಕೆ ಅಂತ ಬೇರೆ ನೀರು ಸುರಿಯಬೇಕಿಲ್ಲ. ತೊಳೆಯದಿದ್ದರೆ ಇರುವೆ ಬರುತ್ತೆ, ಆಮೇಲೆ ಜಿರಳೆ, ಆಮೇಲೆ ಮನೆಯವರ ಗೊಣಗಾಟ. ಹಾಲಿನ ಕವರಿನ ಮೂಲೆ ಪೂರ್ತಿ ಕತ್ತರಿಸಬೇಡಿ, ಸ್ವಲ್ಪ ಅಂಟಿಕೊಂಡಿರಲಿ. ಆ ಪುಟ್ಟ ತುಂಡನ್ನು ಯಾರೂ ಆಯಲ್ಲ, ಸೀದಾ ಚರಂಡಿಗೆ. ಇದನ್ನು ಅತ್ತೆಗೆ ಹೇಳೋಕೆ ಹೋದೆ. ಅವರು ನಲವತ್ತು ವರ್ಷದಿಂದ ಹಾಲಿನ ಕವರ್ ತೊಳೆದು ಕಿಟಕಿ ಸರಳಿಗೆ ಸಿಕ್ಕಿಸಿ ಒಣಗಿಸಿ, ನೂರಾದಾಗ ಮಾರುತ್ತಿದ್ದವರು, ಮೂಲೆ ಕತ್ತರಿಸದೆ ಬರೀ ಸೀಳುತ್ತಾರೆ. ನನಗೇ ಗೊತ್ತಿರಲಿಲ್ಲ. ನಾನು ಮದುವೆಯಾಗಿ ಬಂದಾಗ ಆ ಒಣಗುವ ಕವರು ನೋಡಿ ಅಸಹ್ಯ ಪಟ್ಟುಕೊಂಡಿದ್ದೆ, ಅದನ್ನು ಅವರಿಗೆ ಯಾವತ್ತೂ ಹೇಳಿಲ್ಲ.

ಹಸಿ ಕಸಕ್ಕೆ ಮೂರು ಅಂತಸ್ತಿನ ಮಣ್ಣಿನ ಗೊಬ್ಬರದ ಮಡಕೆ ಇದೆ. ಕಾಫಿ ಚರಟ, ತರಕಾರಿ ಸಿಪ್ಪೆ, ಪೂಜೆಯ ಹೂವು ಅದಕ್ಕೆ, ಮೇಲೆ ಒಂದು ಹಿಡಿ ಒಣಗಿದ ಎಲೆಪುಡಿ. ಅದರ ರಿವ್ಯೂ ಇನ್ನೊಂದು ದಿನ. ಸದ್ಯಕ್ಕೆ ಇಷ್ಟು ಹೇಳುತ್ತೇನೆ, ಅವರೆಕಾಯಿ ಕಾಲದಲ್ಲಿ ಅದು ಕೈ ಎತ್ತಿಬಿಡುತ್ತೆ. ಜನವರಿಯಲ್ಲಿ ಒಂದೇ ಭಾನುವಾರ ಐದು ಕಿಲೋ ಸೊಗಡವರೆ ಸುಲಿದು, ಹಿತಕಿದವರೆ ಸಾರು ಮಾಡಿ, ಸಿಪ್ಪೆಯನ್ನೆಲ್ಲ ತುರುಕಿದೆ. ಮೂರನೇ ದಿನಕ್ಕೆ ಮುಚ್ಚಳವೇ ಕೂರಲಿಲ್ಲ.

ಕೇಂದ್ರಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಬೋರ್ಡಿಗೆ ಮತ್ತು ಸೋರುವ ಛಾವಣಿಗೆ, ಅಲ್ಲಿ ಕೂತವರಿಗಲ್ಲ. ಹೋಗುವವರು ಊಟದ ಹೊತ್ತು ಬಿಟ್ಟು ಹೋಗಿ, ಚೀಲದ ಬಾಯಿ ಬಿಗಿಯಾಗಿ ಗಂಟು ಹಾಕಬೇಡಿ, ಅವರು ಬಿಚ್ಚಬೇಕು. ಚೀಲ ವಾಪಸ್ ಕೇಳಿ ತಗೊಳ್ಳಿ, ಕೊಡುತ್ತಾರೆ.

ನಾನು ಈ ಶನಿವಾರ ಮತ್ತೆ ಹೋಗಬೇಕು. ಯುಗಾದಿಗೆ ಹೊಸ ಫ್ರಿಜ್ ಬಂದಿದೆ, ಅದರ ಥರ್ಮೊಕೋಲ್ ನಡುಮನೆಯ ಅರ್ಧ ಜಾಗ ಹಿಡಿದು ಕೂತಿದೆ. ಮುರಿಯೋ ಹಾಗಿಲ್ಲ. ಸ್ಕೂಟರಿನಲ್ಲಿ ಹಿಡಿಸಲ್ಲ. ನನ್ನನ್ನೂ ಅದನ್ನೂ ಕೂರಿಸಿಕೊಂಡು ಹೋಗೋಕೆ ಆಟೊದವರು ನೂರೈವತ್ತು ಕೇಳುತ್ತಿದ್ದಾರೆ, ಒಂದು ಕಿಲೋಮೀಟರಿಗೆ. ಅತ್ತೆ ಹೇಳುತ್ತಿದ್ದಾರೆ, ಅಟ್ಟದಲ್ಲಿ ಈಗ ಜಾಗ ಇದೆಯಲ್ಲ ಅಂತ.